ಆಲಿವ್ ಎಣ್ಣೆ: ಫ್ರಿಜ್ ಪರೀಕ್ಷೆ ಬಿಡಿ, ಲೇಬಲ್ ಓದಿ

ಸಂಪಾದಕರಿಗೆ,

ಹಾಸನದ ಅಂಗಡಿಗಳಲ್ಲೂ ಈಗ ಆಲಿವ್ ಎಣ್ಣೆ ಸಿಗುತ್ತಿದೆ. ಡಾಕ್ಟರು ಹೇಳಿದರೆಂದು ಕೆಲವರು, ಬೆಂಗಳೂರಿನಲ್ಲಿರುವ ಮಕ್ಕಳು ಹೇಳಿದರೆಂದು ಕೆಲವರು ಕೊಳ್ಳುತ್ತಾರೆ. ಕಡಲೆಕಾಯಿ ಎಣ್ಣೆಗಿಂತ ಎಷ್ಟೋ ಪಟ್ಟು ದುಬಾರಿಯಾದ ಈ ಎಣ್ಣೆಯ ಅಸಲಿತನವನ್ನು ಮಾತ್ರ ವಾಟ್ಸ್‌ಆ್ಯಪ್ ವಿಡಿಯೊ ನೋಡಿ ತೀರ್ಮಾನಿಸಲಾಗುತ್ತಿದೆ. ದುಡ್ಡೂ ದಂಡ, ಎಣ್ಣೆಯೂ ದಂಡ ಆಗುತ್ತಿರುವುದರಿಂದ ಈ ಪತ್ರ.

‘ಫ್ರಿಜ್ಜಿನಲ್ಲಿಟ್ಟಾಗ ಹೆಪ್ಪುಗಟ್ಟಿದರೆ ಅಸಲಿ, ಇಲ್ಲದಿದ್ದರೆ ಕಲಬೆರಕೆ’ ಎಂಬ ಮಾತನ್ನು ನಮ್ಮ ಕಡೆಯವರು ಬೇಗ ನಂಬುತ್ತಾರೆ. ಡಿಸೆಂಬರ್ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ಎಲ್ಲರೂ ಕಂಡಿದ್ದೇವಲ್ಲ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಬೇಗ ಗಟ್ಟಿಯಾಗುವ ‘ಸ್ಯಾಚುರೇಟೆಡ್’ ಕೊಬ್ಬು ಶೇ 90ರ ಹತ್ತಿರ ಇರುತ್ತದೆ, ಅದಕ್ಕೇ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಆಲಿವ್ ಎಣ್ಣೆಯಲ್ಲಿ ಅದು ಶೇ 15ರ ಸುಮಾರು. ಫ್ರಿಜ್ಜಿನ ತಂಪಿಗೆ ಅದು ಗಟ್ಟಿಯಾಗುವುದೋ ಬಿಡುವುದೋ ಕಾಯಿಯ ತಳಿ ಮತ್ತು ಎಣ್ಣೆಯಲ್ಲಿರುವ ಮೇಣದಂಶವನ್ನು ಅವಲಂಬಿಸಿದೆ. ಒಳ್ಳೆಯ ಎಣ್ಣೆಯೂ ತೆಳ್ಳಗೇ ಉಳಿಯಬಹುದು, ಅಗ್ಗದ ರಿಫೈನ್ಡ್ ಎಣ್ಣೆಯೂ ಗಟ್ಟಿಯಾಗಬಹುದು. ಬತ್ತಿ ಹಾಕಿ ದೀಪ ಹಚ್ಚಿ ನೋಡುವುದೂ ಅಷ್ಟೆ. ಹುಚ್ಚೆಳ್ಳೆಣ್ಣೆ, ಹರಳೆಣ್ಣೆ ಎಲ್ಲವೂ ಉರಿಯುತ್ತವೆ.

ಬಣ್ಣವೂ ಗುರುತಲ್ಲ. ಕಡು ಹಸಿರು ಬರುವುದು ಎಳೆಗಾಯಿಯ ಪತ್ರಹರಿತ್ತಿನಿಂದ, ಹಣ್ಣಾದ ಕಾಯಿಯ ಎಣ್ಣೆ ಹೊಂಬಣ್ಣ. ಎಣ್ಣೆಯ ರುಚಿ ಪರೀಕ್ಷಿಸುವ ತಜ್ಞರು ಬಣ್ಣ ಕಣ್ಣಿಗೆ ಬೀಳಬಾರದೆಂದೇ ನೀಲಿ ಗಾಜಿನ ಲೋಟ ಬಳಸುತ್ತಾರೆ.

ನೋಡಬೇಕಾದ್ದು ಲೇಬಲ್. ಆಲಿವ್ ಕಾಯಿಯನ್ನು ಅರೆದು, ರಾಸಾಯನಿಕ ಸೋಕಿಸದೆ ತೆಗೆದದ್ದು ‘ಎಕ್ಸ್‌ಟ್ರಾ ವರ್ಜಿನ್’. ಇದರಲ್ಲಿ ಬಿಡಿ ಆಮ್ಲ (ಎಣ್ಣೆಯ ಕೊಬ್ಬು ಒಡೆದು ಬೇರ್ಪಟ್ಟ ಆಮ್ಲ) ಶೇ 0.8 ಮೀರಬಾರದು, ರುಚಿ–ವಾಸನೆಯಲ್ಲಿ ದೋಷ ಇರಬಾರದು. ಶೇ 2ರವರೆಗೆ ಇದ್ದರೆ ‘ವರ್ಜಿನ್’. ಬರೀ ‘ಆಲಿವ್ ಆಯಿಲ್’, ‘ಪ್ಯೂರ್’, ‘ಲೈಟ್’ ಎಂದಿದ್ದರೆ ಒಳಗಿರುವುದು ಬಹುಪಾಲು ರಿಫೈನ್ಡ್ ಎಣ್ಣೆ, ರುಚಿಗೆ ಒಂದಿಷ್ಟು ವರ್ಜಿನ್ ಸೇರಿಸಿರುತ್ತಾರೆ. ‘ಲೈಟ್’ ಎಂದರೆ ಬಣ್ಣ, ರುಚಿ ಕಡಿಮೆ ಎಂದರ್ಥ. ತೂಕ ಇಳಿಸಲು ಅದನ್ನೇ ಹುಡುಕಿ ಕೊಳ್ಳುವವರು ಗಮನಿಸಬೇಕು: ಯಾವ ಎಣ್ಣೆಯಾದರೂ ಒಂದು ಗ್ರಾಮಿಗೆ 9 ಕ್ಯಾಲೊರಿಯೇ. ‘ಪೊಮೆಸ್’ ಎಂದಿದ್ದರೆ ಅದು ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಿಂದ ಹೆಕ್ಸೇನ್‌ನಂಥ ದ್ರಾವಕ ಬಳಸಿ ತೆಗೆದು ರಿಫೈನ್ ಮಾಡಿದ್ದು. ಕರಿಯಲು ಬಳಸಬಹುದು, ಆದರೆ ಎಕ್ಸ್‌ಟ್ರಾ ವರ್ಜಿನ್ ಬೆಲೆ ಕೊಟ್ಟು ತರುವಂಥದ್ದಲ್ಲ. ಬಾಟಲಿಯ ಮೇಲೆ ಆಲಿವ್ ಕಾಯಿಯ ಚಿತ್ರ, ಜೊತೆಗೆ ‘ಬ್ಲೆಂಡೆಡ್’ ಅಥವಾ ‘ಮಲ್ಟಿ–ಸೋರ್ಸ್’, ಅಂದರೆ ಬೇರೆ ಎಣ್ಣೆ ಬೆರೆಸಿದ್ದು ಎಂದು ಇರುವುದೂ ಉಂಟು. ಅಂಥದ್ದರಲ್ಲಿ ಆಲಿವ್ ಶೇ 20ರಷ್ಟೇ ಇದ್ದು, ಉಳಿದದ್ದು ತೌಡಿನೆಣ್ಣೆಯೋ ಸೂರ್ಯಕಾಂತಿಯೋ ಆಗಿರಬಹುದು. ಯಾವುದು ಶೇಕಡ ಎಷ್ಟು ಎಂದು ಅಲ್ಲೇ ಬರೆದಿರುತ್ತದೆ, ಓದಿ.

ಆಮೇಲೆ ದಿನಾಂಕ. ಆಲಿವ್ ಎಣ್ಣೆ ವೈನಿನಂತೆ ಹಳೆಯದಾದಷ್ಟೂ ರುಚಿಗಟ್ಟುವುದಿಲ್ಲ. ಮೆಡಿಟರೇನಿಯನ್ ದೇಶಗಳಲ್ಲಿ ಕೊಯ್ಲು ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿ. ಹಡಗು, ಗೋದಾಮು ದಾಟಿ ನಮ್ಮೂರಿಗೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಕೊಯ್ಲಿನ ವರ್ಷ ನಮೂದಿಸಿದ್ದರೆ ಅದನ್ನು ನೋಡಿ. ಇಲ್ಲವಾದರೆ ಅವಧಿ ಮುಗಿಯಲು ಕನಿಷ್ಠ ಒಂದು ವರ್ಷ ಬಾಕಿ ಇರುವ ಬಾಟಲಿ ಆರಿಸಿ. ‘ಒಂದು ಕೊಂಡರೆ ಒಂದು ಉಚಿತ’ ಆಫರ್ ಇದ್ದಾಗ ಮೊದಲು ನೋಡಬೇಕಾದ್ದೇ ದಿನಾಂಕ.

ಮುಚ್ಚಳ ತೆಗೆದ ದಿನವೇ ಒಂದು ಚಮಚ ಎಣ್ಣೆಯನ್ನು ಚಿಕ್ಕ ಲೋಟಕ್ಕೆ ಹಾಕಿ. ಲೋಟವನ್ನು ಒಂದು ಅಂಗೈಯಲ್ಲಿಟ್ಟು, ಇನ್ನೊಂದರಿಂದ ಲೋಟದ ಬಾಯಿ ಮುಚ್ಚಿ, ಒಂದು ನಿಮಿಷ ಬೆಚ್ಚಗಾಗಲು ಬಿಟ್ಟು ಮೂಸಿ. ಆಗಷ್ಟೇ ಕೊಯ್ದ ಹುಲ್ಲಿನ, ಹಸಿ ಎಲೆಯ ವಾಸನೆ ಬಂದರೆ ಒಳ್ಳೆಯದು. ಬಾಯಿಗೆ ಹಾಕಿದಾಗ ತುಸು ಕಹಿ, ನುಂಗಿದ ಮೇಲೆ ಗಂಟಲಲ್ಲಿ ಮೆಣಸಿನಂಥ ಕಾರ, ಒಂದೆರಡು ಕೆಮ್ಮು. ಇದನ್ನೇ ‘ಕೆಟ್ಟಿದೆ’ ಎಂದು ಅಂಗಡಿಗೆ ವಾಪಸ್ ತರುವವರಿದ್ದಾರೆ. ಆ ಕಾರಕ್ಕೆ ಕಾರಣ ಓಲಿಯೊಕ್ಯಾಂಥಾಲ್ ಎಂಬ ಅಂಶ, ಎಣ್ಣೆ ತಾಜಾ ಇರುವುದರ ಲಕ್ಷಣ. ಕೆಟ್ಟ ಎಣ್ಣೆ ಕಾರವಿಲ್ಲದೆ ಸಪ್ಪೆಯಾಗಿ, ಹಳೇ ಕಡಲೆಬೀಜದ ಹಾಗೆ ಕಮಟು ಹೊಡೆಯುತ್ತದೆ.

ಇಡುವುದರಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ಕೈಗೆ ಸಿಗಲೆಂದು ಒಲೆಯ ಪಕ್ಕದಲ್ಲೇ ಇಡುತ್ತೇವೆ, ಚೆಂದ ಕಾಣಲೆಂದು ಬಿಳಿ ಗಾಜಿನ ಬಾಟಲಿಗೆ ಸುರಿಯುತ್ತೇವೆ. ಬಿಸಿ, ಬೆಳಕು, ಗಾಳಿ ಮೂರೂ ಎಣ್ಣೆಯನ್ನು ಕಮಟಾಗಿಸುತ್ತವೆ. ಬೆಳಕು ಬಿದ್ದರಂತೂ ಹಸಿರು ಬಣ್ಣ ಕೊಟ್ಟ ಪತ್ರಹರಿತ್ತೇ ಕೆಡುವ ಕ್ರಿಯೆಗೆ ವೇಗ ಕೊಡುತ್ತದೆ. ಹಿತ್ತಾಳೆ, ತಾಮ್ರದ ಗಿಂಡಿ ಬೇಡ, ತಾಮ್ರದ ಅಂಶ ಎಣ್ಣೆಯನ್ನು ಬೇಗ ಕೆಡಿಸುತ್ತದೆ. ಕಡು ಬಣ್ಣದ ಗಾಜು ಅಥವಾ ತಗಡಿನ ಡಬ್ಬಿಯಲ್ಲಿ, ಒಲೆಯಿಂದ ದೂರದ ಬಾಗಿಲಿರುವ ಕಪಾಟಿನಲ್ಲಿ ಇಡಿ. ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿಟ್ಟರೂ ತೊಂದರೆಯಿಲ್ಲ. ಗಟ್ಟಿಯಾದದ್ದು ಹೊರಗಿಟ್ಟರೆ ತಾನೇ ಕರಗುತ್ತದೆ. ಹಳೇ ಎಣ್ಣೆಯ ಮೇಲೆ ಹೊಸದನ್ನು ಸುರಿಯಬಾರದು, ತಳದ ಕಮಟು ಮೇಲಿನದನ್ನೂ ಎಳೆದುಕೊಳ್ಳುತ್ತದೆ. ಬಾಟಲಿಯನ್ನು ಬಿಸಿನೀರು, ಸೋಪಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ತುಂಬಿಸಿ.

5 ಲೀಟರ್ ಟಿನ್ನು ಲಾಭವೆಂದು ಕಾಣುತ್ತದೆ. ದಿನಕ್ಕೆ ಎರಡು ದೊಡ್ಡ ಚಮಚ, ಅಂದರೆ 30 ಮಿ.ಲೀ. ಬಳಸುವ ಮನೆಗೆ ಅದು ಐದು ತಿಂಗಳು ದಾಟುತ್ತದೆ. ಮುಚ್ಚಳ ತೆಗೆದ ಎಣ್ಣೆ ಎರಡು–ಮೂರು ತಿಂಗಳಲ್ಲಿ ಮುಗಿಯಬೇಕು. ಇಂಥ ಮನೆಗೆ ಅರ್ಧ ಲೀಟರ್ ಬಾಟಲಿಯೇ ಸರಿ. ಟಿನ್ನು ತಂದಾಗಿದ್ದರೆ ಒಡೆದ ದಿನವೇ ಚಿಕ್ಕ ಬಾಟಲಿಗಳಿಗೆ ಕುತ್ತಿಗೆಯವರೆಗೆ ತುಂಬಿಸಿ ಬಿಗಿಯಾಗಿ ಮುಚ್ಚಿಡಿ, ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಬಾಳಿಕೆ.

ಬಿಸಿ ಮಾಡಲೇಬಾರದು ಎನ್ನುವುದೂ ತಪ್ಪು. ಒಳ್ಳೆಯ ಎಕ್ಸ್‌ಟ್ರಾ ವರ್ಜಿನ್ 190 ಡಿಗ್ರಿಯ ಸುಮಾರಿಗೆ ಹೊಗೆಯಾಡುತ್ತದೆ, ಪಲ್ಯದ ಒಗ್ಗರಣೆಗೆ ಧಾರಾಳವಾಗಿ ಆಗುತ್ತದೆ. ಪರಿಮಳ ಕಡಿಮೆಯಾಗುತ್ತದೆ, ಅಷ್ಟೆ. ಕೋಸಂಬರಿಗೆ ಹಸಿಯಾಗಿ ಹಾಕಿದರೆ ಕೊಟ್ಟ ದುಡ್ಡಿನ ರುಚಿ ಸಿಗುತ್ತದೆ.

ವ್ಯಾಪಾರಿಗಳಲ್ಲಿ ಒಂದು ಮನವಿ: ಬಿಸಿಲು ಬೀಳುವ ಗಾಜಿನ ಮುಂದೆ, ಟ್ಯೂಬ್‌ಲೈಟಿನ ಕೆಳಗೆ ಈ ಬಾಟಲಿಗಳನ್ನು ಜೋಡಿಸಬೇಡಿ. ಒಳಗಿನ ಶೆಲ್ಫಿಗೆ ಸರಿಸಿ, ಮೊದಲು ಬಂದ ಸರಕನ್ನು ಮುಂದೆ ಇಡಿ.

– ಅಡುಗೆ ಎಣ್ಣೆ ವ್ಯಾಪಾರದಲ್ಲಿರುವ ಓದುಗರು, ಹಾಸನ