ಶನಿವಾರ ಪರೇಲ್ ಸೇವೆ: ದಯವಿಟ್ಟು ಪೂರ್ತಿ ಓದಿ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ಬರುವ ಶನಿವಾರ ಸಂಜೆ 6ಕ್ಕೆ ಮುಂಬೈನ ಪರೇಲ್‌ನಲ್ಲಿರುವ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಹೊರಗೆ ಫುಟ್‌ಪಾತ್‌ನಲ್ಲಿರುವ ರೋಗಿಗಳಿಗೆ, ಅವರ ಮನೆಯವರಿಗೆ 60 ಊಟ. ಅಡುಗೆಯವರು 3:30ಕ್ಕೆ ಸಭೆಗೆ (ಚರ್ಚ್‌ಗೆ) ಬನ್ನಿ. ಹಂಚುವವರು 5:30ಕ್ಕೆ ಪರೇಲ್ ಸ್ಟೇಷನ್ ಹೊರಗೆ ಸೇರಿ.

ಖಿಚಡಿಗೆ ಅಕ್ಕಿ 4 ಕಿಲೋ, ಹೆಸರುಬೇಳೆ 2 ಕಿಲೋ. ಆರಿದರೆ ಗಟ್ಟಿಯಾಗುತ್ತದೆ, ತೆಳ್ಳಗೇ ಇರಲಿ. ಖಾರ ಬೇಡವೇ ಬೇಡ: ಕೀಮೋ ಆದವರಿಗೆ ಬಾಯಲ್ಲಿ ಹುಣ್ಣಾಗಿ ನುಂಗುವುದೇ ಕಷ್ಟ. ಸೋಂಕೂ ಬೇಗ ತಗಲುತ್ತದೆ, ಹಾಗಾಗಿ ಕೊಯ್ದ ಹಣ್ಣು, ಹಸಿ ತರಕಾರಿ, ಕಾಯಿಚಟ್ನಿ ತರಬೇಡಿ, ಬಾಳೆಹಣ್ಣು ಸಾಕು. ಕೆಮ್ಮು, ನೆಗಡಿ ಇದ್ದವರು ಈ ಸಲ ಬರಬೇಡಿ.

ನಿಂತು ಕೈಚಾಚಿ ಕೊಡಬೇಡಿ, ಎದುರಿಗೆ ಕೂತು ಕೊಡಿ. ಯೇಸು ಶಿಷ್ಯರ ಕಾಲು ತೊಳೆದದ್ದು ಬಗ್ಗಿಯೇ. ಫೋಟೊ ಬೇಡ. ಕರಪತ್ರವೂ ಬೇಡ, ಊಟದ ಜೊತೆ ಕೊಟ್ಟರೆ ಅದೇ ಊಟದ ಬೆಲೆಯಂತೆ ಕಾಣುತ್ತದೆ. ಯಾರಾದರೂ ಕೇಳಿದರೆ ನಮ್ಮ ನಂಬಿಕೆಯನ್ನು ಮುಚ್ಚುಮರೆಯಿಲ್ಲದೆ ಹೇಳಿ. ಪ್ರಾರ್ಥನೆ ಬೇಕೆಂದರೆ ಪಕ್ಕದಲ್ಲೇ ಮೆಲ್ಲಗೆ ಮಾಡಿ.

ಕಲಬುರಗಿ, ವಿಜಯಪುರ ಕಡೆಯವರು ಸಿಕ್ಕರೆ ಫಾರ್ಮ್ ತುಂಬಿಕೊಡಲು, ಮರಾಠಿ-ಹಿಂದಿ ತಿಳಿಸಿಹೇಳಲು ಇಬ್ಬರು ಬೇಕೇ ಬೇಕು. ಊಟಕ್ಕಿಂತ ದೊಡ್ಡ ಸಹಾಯ ಅದು.

‘ಅಡುಗೆ’, ‘ಹಂಚಿಕೆ’, ‘ಫಾರ್ಮ್’, ಯಾವುದಕ್ಕೆ ಬರುತ್ತೀರಿ ಎಂದು ಗುರುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ.