ಗೆದ್ದವನ ಗೆಳೆಯ

ಪ್ರೀತಿಯ ಮಗಳೇ,

ಯಶಸ್ಸು ಕಂಡವನನ್ನು ಸಿನಿಮಾಗಳು ಯಾವಾಗಲೂ ಮಿತ್ರದ್ರೋಹಿಯನ್ನಾಗಿಯೇ ಏಕೆ ತೋರಿಸುತ್ತವೆ, ಮೇಲೇರಬೇಕೆಂಬ ಹಂಬಲವೇ ತಪ್ಪೇ ಎಂದು ನೀನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದ್ದೀಯೆ. ನಿನ್ನ ಆಕ್ಷೇಪದಲ್ಲಿ ಹುರುಳಿದೆ. ನಾಲ್ಕು ಕಾಸು ಕಂಡೊಡನೆ ಹಳೆಯ ಸ್ನೇಹಿತನ ಗುರುತು ಮರೆಯುವ ನಾಯಕರನ್ನು ನೋಡಿ ನೋಡಿ ನನಗೂ ಸಾಕಾಗಿದೆ. ಆದರೆ ಒಳ್ಳೆಯ ಚಿತ್ರಗಳು ಅಷ್ಟು ಸುಲಭವಾಗಿ ತೀರ್ಪು ಕೊಡುವುದಿಲ್ಲ. ಹಠಾತ್ತನೆ ಬಂದ ಯಶಸ್ಸು ಕಳೆದುಕೊಳ್ಳುವಂಥದ್ದೇನನ್ನೋ ಮನುಷ್ಯನ ಕೈಗೆ ಕೊಡುತ್ತದೆ. ಅಲ್ಲಿಂದಾಚೆಗೆ ಗೆಳೆಯನ ಸಣ್ಣದೊಂದು ಕೋರಿಕೆಯೂ ದುಬಾರಿಯಾಗಿ ಕಾಣತೊಡಗುತ್ತದೆ ಎಂಬುದನ್ನು ಅವು ಗಮನಿಸುತ್ತವೆ.

ಸತ್ಯಜಿತ್ ರಾಯ್ ಅವರ 1966ರ ‘ನಾಯಕ್’ ಚಿತ್ರವನ್ನೇ ನೋಡು. ಪ್ರಶಸ್ತಿ ಸ್ವೀಕರಿಸಲು ರೈಲಿನಲ್ಲಿ ದೆಹಲಿಗೆ ಹೊರಟ ಅರಿಂದಮ್ ಎಂಬ ತಾರೆ, ಸಹಪ್ರಯಾಣಿಕಳಾದ ಪತ್ರಕರ್ತೆಯೆದುರು ತನ್ನ ಗತವನ್ನು ಬಿಚ್ಚಿಡುತ್ತಾನೆ. ಹೊಸಬನಾಗಿದ್ದಾಗ ತನ್ನನ್ನು ಹೀಯಾಳಿಸಿದ್ದ ಹಿರಿಯ ನಟನೊಬ್ಬ ಮುಂದೆ ಅವಕಾಶ ಬೇಡಿಕೊಂಡು ಬಂದಾಗ ಅವನು ಕೈಹಿಡಿಯುವುದಿಲ್ಲ. ಅದು ಸೇಡು, ಅರ್ಥವಾಗುವಂಥದ್ದು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ದೃಶ್ಯ. ಕಾರ್ಮಿಕ ಸಂಘಟನೆಯಲ್ಲಿರುವ ಹಳೆಯ ಗೆಳೆಯ ಅವನನ್ನು ಮುಷ್ಕರನಿರತ ಕಾರ್ಮಿಕರ ಬಳಿಗೆ ಕರೆದೊಯ್ದು, ಅವರೊಂದಿಗೆ ಎರಡು ಮಾತಾಡು ಎಂದಷ್ಟೇ ಕೇಳುತ್ತಾನೆ. ಅರಿಂದಮ್ ಒಪ್ಪುವುದಿಲ್ಲ. ಅವನ ಮುಖದಲ್ಲಿ ದರ್ಪವಿಲ್ಲ, ಹೆದರಿಕೆಯಿದೆ. ಉತ್ತಮ್ ಕುಮಾರ್ ಅವರ ಅಭಿನಯದ ಹೆಚ್ಚುಗಾರಿಕೆಯೇ ಅದು. ಜನಪ್ರಿಯತೆಗೆ ಎಲ್ಲಿ ಪೆಟ್ಟು ಬೀಳುವುದೋ ಎಂಬ ಲೆಕ್ಕಾಚಾರದ ಮುಂದೆ ಕಾಲೇಜಿನ ಕಾಲದ ಸ್ನೇಹ ನಿಲ್ಲಲಾರದೆ ಹೋಗುತ್ತದೆ.

ಫೇಸ್‌ಬುಕ್ ಹುಟ್ಟಿದ ಕಥೆ ಹೇಳುವ 2010ರ ‘ದಿ ಸೋಷಿಯಲ್ ನೆಟ್‌ವರ್ಕ್’ ಚಿತ್ರದಲ್ಲಿ ಈ ಲೆಕ್ಕಾಚಾರ ಕಾನೂನಿನ ಭಾಷೆಯಲ್ಲೇ ನಡೆಯುತ್ತದೆ. ಕಂಪನಿಯ ಕಾಗದಪತ್ರಗಳಿಗೆ ನಂಬಿಕೆಯಿಂದ ಸಹಿ ಹಾಕಿದ ಗೆಳೆಯನಿಗೆ, ಕಂಪನಿಯಲ್ಲಿ ತನ್ನ ಪಾಲು ಶೇಕಡ 0.03ಕ್ಕೆ ಇಳಿದಿರುವುದು ಆಮೇಲೆ ತಿಳಿಯುತ್ತದೆ.

ಆರ್ಸನ್ ವೆಲ್ಸ್ ಅವರ 1941ರ ‘ಸಿಟಿಜನ್ ಕೇನ್’ ಇದಕ್ಕಿಂತ ಆಳಕ್ಕೆ ಇಳಿಯುತ್ತದೆ. ಪತ್ರಿಕೆಯ ಒಡೆಯನಾದ ಹೊಸತರಲ್ಲಿ ಕೇನ್ ಓದುಗರಿಗೆ ಕೊಟ್ಟ ವಚನಗಳನ್ನು ತನ್ನ ಕೈಯಾರೆ ಬರೆಯುತ್ತಾನೆ. ಆ ಹಾಳೆಯನ್ನು ಗೆಳೆಯ ಲೇಲೆಂಡ್ ಕೇಳಿ ಇಟ್ಟುಕೊಳ್ಳುತ್ತಾನೆ. ವರ್ಷಗಳ ನಂತರ ಕೇನ್‌ನ ಪತ್ರಿಕೆಗಾಗಿಯೇ ಅವನ ಹೆಂಡತಿಯ ಗಾಯನವನ್ನು ವಿಮರ್ಶಿಸಬೇಕಾಗಿ ಬಂದಾಗ, ಕಟುವಾದ ಮಾತುಗಳಿಂದ ಆರಂಭಿಸಿದ ಲೇಲೆಂಡ್ ಕುಡಿದ ಅಮಲಿನಲ್ಲಿ ಟೈಪ್‌ರೈಟರ್ ಮೇಲೆಯೇ ಒರಗಿ ನಿದ್ದೆಹೋಗುತ್ತಾನೆ. ಕೇನ್ ಆ ವಿಮರ್ಶೆಯನ್ನು ಹರಿದೆಸೆಯುವುದಿಲ್ಲ, ಅದೇ ಕಟುತ್ವದಲ್ಲಿ ತಾನೇ ಬರೆದು ಮುಗಿಸುತ್ತಾನೆ, ಜೊತೆಗೆ ಗೆಳೆಯನನ್ನು ಕೆಲಸದಿಂದಲೂ ತೆಗೆಯುತ್ತಾನೆ. ಪ್ರಾಮಾಣಿಕತೆಯೂ ಅಹಂಕಾರವೂ ಒಂದೇ ಕೃತ್ಯದಲ್ಲಿ ಹೀಗೆ ಬೆರೆತ ಇನ್ನೊಂದು ದೃಶ್ಯ ನನಗೆ ಚಟ್ಟನೆ ನೆನಪಾಗುವುದಿಲ್ಲ. ಕೆಲಸದಿಂದ ತೆಗೆದಾಗ ಕೇನ್ ಕೊಟ್ಟಿದ್ದ 25,000 ಡಾಲರಿನ ಚೆಕ್ಕನ್ನು ಲೇಲೆಂಡ್ ಚೂರುಚೂರು ಮಾಡಿ, ಆ ಹಳೆಯ ವಚನಪತ್ರದೊಂದಿಗೆ ಹಿಂದಕ್ಕೆ ಕಳುಹಿಸುತ್ತಾನೆ.

ಲೇಲೆಂಡ್‌ನನ್ನೂ ನಾನು ಪೂರ್ತಿ ಮೆಚ್ಚಲಾರೆ. ಅವನ ಸಾಚಾತನದಲ್ಲಿ ಒಂದಿಷ್ಟು ಬಿಗುಮಾನವಿದೆ. ಕೇನ್ ಕೊನೆಗಾಲದ ಒಂಟಿತನದಲ್ಲಿ ಬರೆದ ಕಾಗದಕ್ಕೆ ತಾನು ಉತ್ತರಿಸಲೇ ಇಲ್ಲವೆಂದು ಮುದುಕನಾದ ಮೇಲೆ ಅವನೇ ಹೇಳಿಕೊಳ್ಳುತ್ತಾನೆ. ನಿನ್ನ ದೂರು ನಿಜವಾಗುವುದು ಇಲ್ಲಿ: ಗೆದ್ದವನ ಗುಣವನ್ನು ಒರೆಗೆ ಹಚ್ಚುವ ಚಿತ್ರಗಳು, ಹಿಂದುಳಿದವನ ಅಸೂಯೆ ಮತ್ತು ಹಟವನ್ನು ಅಷ್ಟೇ ನಿಷ್ಠುರವಾಗಿ ಪರೀಕ್ಷಿಸುವುದು ಅಪರೂಪ.

ಹೃಷಿಕೇಶ್ ಮುಖರ್ಜಿ ಅವರ 1973ರ ‘ಅಭಿಮಾನ್’ ಅಂಥ ಅಪರೂಪದ ಚಿತ್ರ. ಅಲ್ಲಿ ಹೆಂಡತಿಯನ್ನು ಹಾಡಲು ಹುರಿದುಂಬಿಸಿದ ಗಾಯಕನೇ, ಅವಳ ಕೀರ್ತಿ ತನ್ನದನ್ನು ಮೀರಿದಾಗ ಒಳಗೊಳಗೇ ಕುದಿಯುತ್ತಾನೆ. ಗಂಡ ಹೆಂಡಿರ ಕಥೆಗೂ ಸ್ನೇಹಕ್ಕೂ ಏನು ಸಂಬಂಧ ಎಂದು ನೀನು ವಾದಿಸಬಹುದು; ವಾದಿಸುವ ಮೊದಲು ಚಿತ್ರವನ್ನೊಮ್ಮೆ ನೋಡಿ, ಅವನ ಬಗ್ಗೆ ನಿನಗೆ ಸಿಟ್ಟು ಬಂದಿತೋ ಕನಿಕರ ಹುಟ್ಟಿತೋ ಬರೆದು ತಿಳಿಸು.

ನಿನ್ನ ಪ್ರೀತಿಯ,
ಅಪ್ಪ