ಖಡೇಬಜಾರಿನ ಆ ಹಿರಿಯರಿಗೆ

ಬೆಳಗಾವಿಯ ಕ್ಯಾಂಪಿನಲ್ಲಿ ನಮಗೆ ಜಾಝ್ ಗಿಟಾರ್ ಕಲಿಸಿದ ಮಾಸ್ತರು ತೀರಿಕೊಂಡ ಮೇಲೆ, ಅವರ ನೆನಪಿನ ಸಂಜೆಯಲ್ಲಿ ಅವರದೇ ವಾದ್ಯ ನುಡಿಸಲು ಹೊರಟ ನಾನು, ತಂತಿ ಬದಲಿಸುವ ಆತುರದಲ್ಲಿ ಆರನ್ನೂ ಒಮ್ಮೆಲೇ ಬಿಚ್ಚಿಬಿಟ್ಟೆ. ಅಂಥ ಗಿಟಾರಿನಲ್ಲಿ ತಂತಿಗಳನ್ನು ಎತ್ತಿಹಿಡಿಯುವ ಪಟ್ಟಿಯನ್ನು, ಅಂದರೆ ಕುದುರೆಯನ್ನು, ಅಂಟಿಸಿರುವುದಿಲ್ಲ. ತಂತಿಗಳ ಒತ್ತಡವೇ ಅದನ್ನು ಹಿಡಿದಿರುತ್ತದೆ. ಅದು ಜಾರಿತು, ಸ್ವರಗಳು ಕೂಡದಾದವು. (ಮಾಸ್ತರು ಹತ್ತು ಸಲ ಎಚ್ಚರಿಸಿದ್ದರು, ಆ ಮಾತು ಬೇರೆ.)

ಖಡೇಬಜಾರಿನಲ್ಲಿ ಅಂಗಡಿಯ ಬಾಗಿಲು ಎಳೆಯುತ್ತಿದ್ದ, ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರು ನನ್ನ ಮುಖ ನೋಡಿ ಮತ್ತೆ ದೀಪ ಹಾಕಿದರು. ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳಲ್ಲಿ 12ನೆಯದರ, ಅಂದರೆ 12ನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಒಮ್ಮೆ ಹಗುರವಾಗಿ ತಾಕಿ, ಒಮ್ಮೆ ಒತ್ತಿ ಮೀಟಿ, ಎರಡೂ ಸ್ವರಗಳು ಒಂದಾಗುವವರೆಗೆ ಕುದುರೆಯನ್ನು ಕೂದಲೆಳೆಯಷ್ಟೇ ಸರಿಸುತ್ತ ಕುಳಿತರು. ಮಾಸ್ತರ ಕೈ ತಾಗಿ ಸವೆದಿದ್ದ ಜಾಗವೊಂದನ್ನು ಬಿಟ್ಟು ಉಳಿದೆಲ್ಲ ಧೂಳು ಒರೆಸಿಕೊಟ್ಟರು. ಹಣ ಕೊಡಹೋದರೆ, "ಮದಲ ಹೋಗಿ ನುಡಸ್ರಿ" ಎಂದರು. ಗಾಬರಿಯಲ್ಲಿ ಹೆಸರನ್ನೂ ಕೇಳದೆ ಓಡಿದ್ದೆ. ಆ ಸಂಜೆ ಒಂದು ಸ್ವರವೂ ತಪ್ಪಲಿಲ್ಲ. ತಮಗೆ ಧನ್ಯವಾದಗಳು.